ಕಡಲಿಗೆ ಬೀಗ ಹಾಕಿದ ಕಥೆ

ಶಂಶಾಬಾದಿನಿಂದ ಸಮುದ್ರ ಎಷ್ಟು ದೂರ ಅಂತ ಕೇಳಿದರೆ ಇಲ್ಲಿನವರು ನಗುತ್ತಾರೆ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಒಂದು ರಾತ್ರಿಯ ಬಸ್ಸಿನ ದಾರಿ. ಆದರೂ ಹೈದರಾಬಾದಿಗೂ ಕಡಲ ಮೀನಿಗೂ ಇರುವ ನಂಟು ಸಣ್ಣದಲ್ಲ ನೋಡಿ. ನಮ್ಮ ಕಡೆಯಿಂದ ಊರೊಳಗೆ ಹೋಗುವಾಗ ಪೊಲೀಸ್ ಅಕಾಡೆಮಿಯ ಹತ್ತಿರ ದೊಡ್ಡ ಮೀನೊಂದು ಬಂದು ಮಲಗಿದ ಹಾಗಿರುವ ಕಟ್ಟಡ ಕಾಣುತ್ತದಲ್ಲ, ಅದು ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯ ಕಚೇರಿ. ಮಂಡಳಿ ಶುರುವಾದದ್ದು 2006ರಲ್ಲಿ. ಊರಿನ ಇನ್ನೊಂದು ತುದಿಗೆ, ಪ್ರಗತಿನಗರದಲ್ಲಿ, 1999ರಲ್ಲಿ ಶುರುವಾದ ಇನ್‌ಕಾಯ್ಸ್ ಇದೆ. ಅಲ್ಲಿನ ವಿಜ್ಞಾನಿಗಳು ಉಪಗ್ರಹದ ಚಿತ್ರಗಳಲ್ಲಿ ಸಮುದ್ರದ ಬಿಸಿಯನ್ನೂ ನೀರಿನ ಹಸಿರನ್ನೂ ನೋಡಿ, ಇಂಥ ಕಡೆ ಮೀನು ಸಿಗಬಹುದು ಅಂತ ಮೀನುಗಾರರಿಗೆ ತಿಳಿಸುತ್ತಾರೆ. ಕನ್ನಡದಲ್ಲೂ ತಿಳಿಸುತ್ತಾರೆ. ಟ್ಯೂನಾ ಮೀನಿಗಂತೂ ಪ್ರತ್ಯೇಕ ಮುನ್ಸೂಚನೆಯೇ ಉಂಟು.

ಟ್ಯೂನಾ ಅಂದರೆ ನಮ್ಮ ಕರಾವಳಿಯಲ್ಲಿ ಕೇದರ ಅನ್ನುವ ಮೀನು. ನಮ್ಮ ಮನೆಗಳಲ್ಲಿ ಅದಕ್ಕೆ ಬಂಗುಡೆಯ ಮರ್ಯಾದೆ ಇಲ್ಲ, ಆದರೆ ಹೊರದೇಶದಲ್ಲಿ ಅದರ ಬೆಲೆಯೇ ಬೇರೆ.

ಮಲ್ಪೆಯಲ್ಲಿ ನನ್ನ ಚಿಕ್ಕಪ್ಪನ ಮಗ ಬೋಟಿಗೆ ಹೋಗುತ್ತಾನೆ. ಹಿಂದೊಮ್ಮೆ ಮಳೆಗಾಲದ ರಜೆಯಲ್ಲಿ ಫೋನ್ ಮಾಡಿದ್ದಾಗ ಇನ್‌ಕಾಯ್ಸ್ ವಿಷಯ ಬಂತು. "ಅಣ್ಣ, ಮೀನು ಎಲ್ಲಿ ಉಂಟು ಅಂತ ನಿಮ್ಮ ಹೈದರಾಬಾದಿನವರು ಹೇಳ್ತಾರೆ, ಸರಿ. ಇನ್ನು ಸಾಕು, ವಾಪಸ್ ಬನ್ನಿ ಅಂತ ಹೇಳುವವರು ಯಾರು?" ಅಂದ. ತಮಾಷೆಗೆ ಅಂದದ್ದು. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಪುರುಸೊತ್ತು ಸಿಕ್ಕಾಗಲೆಲ್ಲ ಓದುತ್ತಾ ಹೋದೆ. ಹಾಗೆ ತಿಳಿದುಕೊಂಡದ್ದೇ ಈ ಬರಹ.

ಸಾಕು ಎನ್ನುವುದಕ್ಕೆ ಎರಡು ದಾರಿಗಳಿವೆ. ಒಂದು, ಕ್ಯಾಲೆಂಡರ್ ನೋಡಿ ನಿಲ್ಲಿಸುವುದು. ಇನ್ನೊಂದು, ತಕ್ಕಡಿ ನೋಡಿ ನಿಲ್ಲಿಸುವುದು.

ನಮ್ಮದು ಕ್ಯಾಲೆಂಡರಿನ ದಾರಿ. ಕರ್ನಾಟಕದ ಕಡಲ ಮೀನುಗಾರಿಕೆಗೆ 1986ರ ಕಾಯ್ದೆ ಇದೆ. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಉಂಟು. ಹಲವು ಮೀನುಗಳು ಮೊಟ್ಟೆಯಿಡುವ ಕಾಲ ಅದು, ಕಡಲೂ ಹುಚ್ಚೆದ್ದಿರುತ್ತದೆ. ಆ ದಿನಗಳಲ್ಲಿ ಇನ್‌ಕಾಯ್ಸ್ ಕೂಡ ಮೀನಿನ ಸುದ್ದಿ ಹೇಳುವುದಿಲ್ಲ. ಈ ಪದ್ಧತಿಯ ದೊಡ್ಡ ಗುಣ ಏನೆಂದರೆ ವಾದಕ್ಕೆ ಜಾಗವಿಲ್ಲ. ಜೂನ್ ಒಂದು ಅಂದರೆ ಎಲ್ಲರಿಗೂ ಜೂನ್ ಒಂದೇ. ಬೋಟು ಧಕ್ಕೆಯಲ್ಲಿದೆಯೋ ಇಲ್ಲವೋ ಅಂತ ದಾರಿಯಲ್ಲಿ ಹೋಗುವವನೂ ನೋಡಿ ಹೇಳಬಹುದು. ಕೊರತೆಯೂ ಅಷ್ಟೇ ಸ್ಪಷ್ಟ. ಉಳಿದ ಹತ್ತು ತಿಂಗಳಲ್ಲಿ ಎಷ್ಟು ಹಿಡಿದರೂ ಕೇಳುವವರಿಲ್ಲ.

ಇನ್ನು ತಕ್ಕಡಿಯ ದಾರಿ. ಈ ವರ್ಷ ಇಷ್ಟು ಸಾವಿರ ಟನ್ ಮಾತ್ರ ಅಂತ ಮೊದಲೇ ಹೇಳುವುದು, ಅಷ್ಟಾದ ಕೂಡಲೇ, ಅದು ಮೇ ತಿಂಗಳಾದರೂ ಸರಿ ಡಿಸೆಂಬರ್ ಆದರೂ ಸರಿ, ಕಡಲಿಗೆ ಬೀಗ ಹಾಕುವುದು. ಕೇಳಲು ಬಹಳ ನ್ಯಾಯವಾದ ಮಾತು. ನಡೆಸಿಕೊಂಡು ಹೋಗುವುದು ಎಷ್ಟು ಕಷ್ಟ ಅನ್ನುವುದಕ್ಕೆ ಟ್ಯೂನಾದ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲ ಅಧ್ಯಾಯ ಪೆಸಿಫಿಕ್ ಸಾಗರದ್ದು. ಅಮೆರಿಕ ಖಂಡಗಳ ಪಶ್ಚಿಮ ಕರಾವಳಿಯ ಟ್ಯೂನಾಕ್ಕಾಗಿ 1949ರಲ್ಲಿ ಒಂದು ಅಂತರರಾಷ್ಟ್ರೀಯ ಆಯೋಗ ಹುಟ್ಟಿತು. ಅದರ ಮೊದಲ ನಿರ್ದೇಶಕ ಮಿಲ್ನರ್ ಶೇಫರ್ ಎಂಬ ವಿಜ್ಞಾನಿ. ಬ್ಯಾಂಕಿನ ಅಸಲು ಮುಟ್ಟದೆ ಬಡ್ಡಿ ಮಾತ್ರ ತಿನ್ನುವ ಹಾಗೆ, ಕಡಲಿನ ಮೀನಿನಲ್ಲೂ ವರ್ಷಕ್ಕೆ ಎಷ್ಟು ತೆಗೆಯಬಹುದು ಅನ್ನುವುದಕ್ಕೆ 1954ರಲ್ಲಿ ಆತ ಒಂದು ಸೂತ್ರ ಕೊಟ್ಟ. ಅಷ್ಟರಲ್ಲಿ ಗಾಳ ಹಾಕಿ ಒಂದೊಂದೇ ಮೀನು ಎತ್ತುತ್ತಿದ್ದ ದೋಣಿಗಳು ನೈಲಾನಿನ ಪರ್ಸೀನ್ ಬಲೆಗೆ ಬದಲಾದವು. ಮೀನಿನ ಹಿಂಡಿಗೆ ಹಿಂಡನ್ನೇ ಸುತ್ತುಗಟ್ಟಿ, ಅಡಿಯ ಹಗ್ಗ ಎಳೆದು ಚೀಲದ ಬಾಯಿ ಮುಚ್ಚಿದ ಹಾಗೆ ಮುಚ್ಚುವ ಬಲೆ ಅದು. ಎಪ್ಪತ್ತರ ದಶಕದ ನಡುವೆ ನಮ್ಮ ಕರಾವಳಿಗೂ ಬಂದು, ಊರಿನವರೆಲ್ಲ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿಯನ್ನು ಮೂಲೆಗೆ ತಳ್ಳಿದ್ದು ಇದೇ ಜಾತಿಯ ಬಲೆ.

ಕೊನೆಗೆ 1966ರಲ್ಲಿ ಹಳದಿ ರೆಕ್ಕೆಯ ಟ್ಯೂನಾಕ್ಕೆ ಒಟ್ಟು ಮಿತಿ ಹಾಕಿ, ಅದು ತುಂಬಿದ ಮೇಲೆ ಬಾಗಿಲು ಮುಚ್ಚುವ ಪದ್ಧತಿ ಜಾರಿಗೆ ಬಂತು. ಆಮೇಲೆ ಆದದ್ದು ಏನು ಗೊತ್ತೇ? ಓಟದ ಸ್ಪರ್ಧೆ! ಮಿತಿ ಎಲ್ಲರಿಗೂ ಸೇರಿ ಒಂದೇ. ನಾನು ಇವತ್ತು ಬಿಟ್ಟ ಮೀನು ನಾಳೆ ಪಕ್ಕದವನ ಬಲೆಗೆ. ಹಾಗಾಗಿ ಎಲ್ಲರೂ ದೊಡ್ಡ ಬೋಟು, ದೊಡ್ಡ ಎಂಜಿನ್ ತಂದರು. ಬಾಗಿಲು ಮುಚ್ಚುವ ದಿನ ವರ್ಷದಿಂದ ವರ್ಷಕ್ಕೆ ಹಿಂದೆ ಹಿಂದೆ ಬಂತು. ಮುಚ್ಚುವ ಮುಂಚೆ ಬಂದರು ಬಿಟ್ಟವರು ಆ ಟ್ರಿಪ್ ಮುಗಿಸಿಯೇ ಬರಬಹುದು ಅನ್ನುವ ರಿಯಾಯಿತಿ ಬೇರೆ ಇತ್ತು. ಕೊನೇ ದಿನ ಧಕ್ಕೆಯಲ್ಲಿ ಎಂಥ ಗಡಿಬಿಡಿ ಇದ್ದಿರಬಹುದು, ನೀವೇ ಊಹಿಸಿಕೊಳ್ಳಿ. ಎಪ್ಪತ್ತರ ದಶಕದ ಕೊನೆಗೆ ದೇಶದೇಶಗಳ ನಡುವೆ ಹೊಂದಾಣಿಕೆ ತಪ್ಪಿ ಆ ಪದ್ಧತಿಯೇ ನಿಂತುಹೋಯಿತು.

ಎರಡನೆಯ ಅಧ್ಯಾಯ ಮೆಡಿಟರೇನಿಯನ್ನಿನದು. ಅಲ್ಲಿಯದು ನೀಲಿ ರೆಕ್ಕೆಯ ಟ್ಯೂನಾ, ಒಂದೊಂದು ಮೀನೂ ಕ್ವಿಂಟಾಲುಗಟ್ಟಲೆ ತೂಗುವಂಥದು, ಮುಖ್ಯ ಗಿರಾಕಿ ಜಪಾನ್. ಇದನ್ನು ನೋಡಿಕೊಳ್ಳುವ ಅಟ್ಲಾಂಟಿಕ್ ಟ್ಯೂನಾ ಆಯೋಗ 2007ಕ್ಕೆ 29,500 ಟನ್ ಮಿತಿ ಹಾಕಿತ್ತು. ನಿಜವಾಗಿ ಹಿಡಿದದ್ದು ಸುಮಾರು 61,000 ಟನ್ ಇರಬಹುದು ಅಂತ ಅದರದೇ ವಿಜ್ಞಾನಿಗಳು ಆಮೇಲೆ ಅಂದಾಜು ಮಾಡಿದರು. ಎರಡು ಪಟ್ಟು! ಆ ವರ್ಷ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಕಮಿಷನ್ ಬೀಗ ಹಾಕುವ ಹೊತ್ತಿಗೆ ಯುರೋಪಿನ ಪಾಲು ಮೀರಿಹೋಗಿತ್ತು. ಕಳ್ಳ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮೋಸ ಇಷ್ಟು ಸುಲಭವಾದದ್ದಕ್ಕೆ ಒಂದು ಕಾರಣವಿದೆ. ಈ ಮೀನನ್ನು ಬಲೆಯಿಂದ ಬೋಟಿಗೆ ಎತ್ತುವುದಿಲ್ಲ. ಜೀವಂತವಾಗಿಯೇ ನೀರಿನೊಳಗಿನ ಪಂಜರಕ್ಕೆ ಸಾಗಿಸಿ, ಎಳೆದುಕೊಂಡು ಹೋಗಿ, ತಿಂಗಳುಗಟ್ಟಲೆ ಮೇವು ಹಾಕಿ ಕೊಬ್ಬಿಸಿ ಮಾರುತ್ತಾರೆ. ನೀರೊಳಗೆ ಈಜುವ ಮೀನನ್ನು ತೂಗುವುದು ಹೇಗೆ? ಬರೆದುಕೊಟ್ಟದ್ದೇ ಲೆಕ್ಕ.

ಮರುವರ್ಷ, 2008ರಲ್ಲಿ, ಕಮಿಷನ್ ಕಾಯುತ್ತಾ ಕೂರಲಿಲ್ಲ. ಶಂಶಾಬಾದಿನ ವಿಮಾನ ನಿಲ್ದಾಣ ಶುರುವಾಗಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ನಮ್ಮ ಕಡೆ ಎಲ್ಲರ ಬಾಯಲ್ಲೂ ಹೊಸ ರಸ್ತೆ, ಸೈಟಿನ ರೇಟುಗಳದ್ದೇ ಮಾತು. ಆ ಜೂನ್ 12ರಂದು ಕಮಿಷನ್ ಆದೇಶ ಹೊರಡಿಸಿತು. ಗ್ರೀಸ್, ಫ್ರಾನ್ಸ್, ಇಟಲಿ, ಸೈಪ್ರಸ್ ಮತ್ತು ಮಾಲ್ಟಾದ ಪರ್ಸೀನ್ ಬೋಟುಗಳಿಗೆ ಜೂನ್ 16ರಿಂದ ಬಾಗಿಲು ಬಂದ್, ಸ್ಪೇನಿನವರಿಗೆ ಜೂನ್ 23ರಿಂದ. ಋತು ಮುಗಿಯಲು ಇನ್ನೂ ಎರಡು ವಾರ ಇತ್ತು. ಆಗ ಮೀನುಗಾರಿಕೆಯ ಕಮಿಷನರ್ ಆಗಿದ್ದ ಜೋ ಬೋರ್ಗ್ ಸ್ವತಃ ಮಾಲ್ಟಾದವರು. ತಮ್ಮ ದ್ವೀಪದ ದಂಧೆಗೂ ಅವರು ಬೀಗ ಹಾಕಬೇಕಾಯಿತು.

ಸ್ಪೇನಿನವರಿಗೆ ಒಂದು ವಾರ ಹೆಚ್ಚು ಯಾಕೆ? ಮಾಲ್ಟಾದ ಟ್ಯೂನಾ ಸಾಕಣೆಯ ಕಂಪನಿಯೊಂದು ಕೋರ್ಟಿಗೆ ಹೋಯಿತು. 2011ರ ಮಾರ್ಚಿನಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು. ಸರಿಯಾದ ಆಧಾರವಿಲ್ಲದೆ ಸ್ಪೇನಿಗೆ ಬೇರೆ ದಿನಾಂಕ ಕೊಟ್ಟದ್ದು ತಾರತಮ್ಯ, ಅಷ್ಟರ ಮಟ್ಟಿಗೆ ಆದೇಶ ಅಸಿಂಧು ಎಂದಿತು. ಬಾಗಿಲು ಮುಚ್ಚುವ ಅಧಿಕಾರವೇ ಇಲ್ಲ ಎಂದು ಕೋರ್ಟು ಹೇಳಲಿಲ್ಲ, ಮುಚ್ಚಿದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಮುಚ್ಚಿ ಎಂದಿತು. ಈ ವ್ಯತ್ಯಾಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

2008ರಲ್ಲೇ ಆಯೋಗದ ಕೆಲಸ ಪರಿಶೀಲಿಸಿದ ಸ್ವತಂತ್ರ ಸಮಿತಿ ಈ ಮೀನಿನ ನಿರ್ವಹಣೆಯನ್ನು ಅಂತರರಾಷ್ಟ್ರೀಯ ನಾಚಿಕೆಗೇಡು ಅಂತ ಕರೆಯಿತು. ಅಲ್ಲಿಂದ ಗಾಳಿ ಬದಲಾಯಿತು. 2010ಕ್ಕೆ ಮಿತಿ 13,500 ಟನ್ನಿಗೆ ಇಳಿಯಿತು. ದೇಶದ ಪಾಲನ್ನು ಬೋಟುಬೋಟಿಗೆ ಹಂಚಿದರು, ಹಾಗಾಗಿ ಓಟದ ಅಗತ್ಯ ಕಡಿಮೆಯಾಯಿತು. ಪರ್ಸೀನ್ ಬೋಟುಗಳಲ್ಲಿ ವೀಕ್ಷಕರನ್ನು ಕೂರಿಸಿದರು. ಹಿಡಿದ ಮೀನಿನ ಜೊತೆ ಮಾರುಕಟ್ಟೆವರೆಗೂ ಕಾಗದಪತ್ರ ಹೋಗುವಂತಾಯಿತು. ಪಂಜರಕ್ಕೆ ಸಾಗುವ ಮೀನನ್ನು ನೀರೊಳಗಿನ ಕ್ಯಾಮೆರಾದಿಂದ ಅಳೆಯತೊಡಗಿದರು. ಮೀನು ಮರಳಿ ಬಂತು. 2020ರ ಮಿತಿ 36,000 ಟನ್, 2023ರಿಂದ 2025ರವರೆಗೆ 40,570 ಟನ್ ಇತ್ತು. ಅಳಿವಿನ ಅಂಚಿನ ಪಟ್ಟಿಯಲ್ಲಿದ್ದ ಈ ಮೀನನ್ನು 2021ರಲ್ಲಿ ಆ ಪಟ್ಟಿಯಿಂದ ಇಳಿಸಿದರು. ಅಮೆರಿಕದ ಕಡೆಯ ಹಿಂಡು ಇನ್ನೂ ಅಷ್ಟು ಚೇತರಿಸಿಕೊಂಡಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ಬೀಗ ಒಂದೇ ಮೀನನ್ನು ಉಳಿಸಲಿಲ್ಲ. ನಂಬುವಂಥ ತಕ್ಕಡಿ, ಮೊದಲೇ ಬರೆದಿಟ್ಟ ಪಾಲು ಎರಡೂ ಬಂದ ಮೇಲೆ ಬೀಗಕ್ಕೆ ಅರ್ಥ ಬಂತು.

ಈಗ ನಮ್ಮ ಕಡೆ ಬರೋಣ. ಹಿಂದೂ ಮಹಾಸಾಗರದ ಟ್ಯೂನಾಕ್ಕೂ ಒಂದು ಆಯೋಗ ಉಂಟು, ಕಚೇರಿ ಸೇಶೆಲ್ಸ್‌ನಲ್ಲಿ. ಭಾರತವೂ ಸದಸ್ಯ. 2017ರಿಂದ ಹಳದಿ ರೆಕ್ಕೆಯ ಟ್ಯೂನಾ ಹೆಚ್ಚು ಹಿಡಿಯುವವರು ಇಷ್ಟಿಷ್ಟು ಕಡಿಮೆ ಮಾಡಬೇಕು ಅಂತ ಅದು ನಿಯಮ ತಂದಿತು. ಯುರೋಪಿನ ದೊಡ್ಡ ಹಡಗುಗಳ ಲೆಕ್ಕ ಇಡುವುದು ಒಂದು ರೀತಿ. ನಮ್ಮಲ್ಲಿ? ಸಾವಿರಾರು ಸಣ್ಣ ಬೋಟುಗಳು, ನೂರಾರು ಧಕ್ಕೆಗಳು. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಆಯ್ದ ದಿನಗಳಲ್ಲಿ ಆಯ್ದ ಬಂದರುಗಳಿಗೆ ಹೋಗಿ, ಬಂದ ಮೀನನ್ನು ನೋಡಿ, ಅದರಿಂದ ಇಡೀ ಕರಾವಳಿಯ ಅಂದಾಜು ಮಾಡುತ್ತಾರೆ. ಬಹಳ ಶ್ರದ್ಧೆಯ ಕೆಲಸ. ಆದರೆ ವರ್ಷದ ಒಟ್ಟು ಲೆಕ್ಕ ಕೈಗೆ ಬರುವುದು ವರ್ಷ ಮುಗಿದ ಮೇಲೆ. ಮುಗಿದ ವರ್ಷಕ್ಕೆ ಬೀಗ ಹಾಕುವುದು ಸಾಧ್ಯವೇ? ಅದಕ್ಕೇ ನಮಗೆ ಕ್ಯಾಲೆಂಡರ್ ಬಿಟ್ಟರೆ ಗತಿಯಿಲ್ಲ.

ಹಾಗಂತ ಟ್ಯೂನಾ ನಮಗೆ ಹೊಸದೂ ಅಲ್ಲ. ಲಕ್ಷದ್ವೀಪದವರು ತಲೆಮಾರುಗಳಿಂದ ಕೋಲು ಗಾಳದಲ್ಲಿ ಒಂದೊಂದೇ ಟ್ಯೂನಾ ಎತ್ತುತ್ತಾರೆ. ಆ ದ್ವೀಪಗಳಲ್ಲಿ ಅಮಿನಿದೀವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ, ಆಡಳಿತ ನಡೆಯುತ್ತಿದ್ದದ್ದು ಮಂಗಳೂರಿನಿಂದ! ಅಂಥ ಗಾಳಕ್ಕೆ ಮನುಷ್ಯನ ರಟ್ಟೆಯೇ ಮಿತಿ.

ಈಗ ಹೊಸ ಹುಮ್ಮಸ್ಸು ಶುರುವಾಗಿದೆ. 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಮ್ಮ ಆಳಸಮುದ್ರದ ಮೀನುಗಾರಿಕೆಗೆ ಹೊಸ ನಿಯಮ ತಂದಿತು. ಸಹಕಾರ ಸಂಘಗಳಿಗೆ ಆದ್ಯತೆ, ಯಾಂತ್ರಿಕ ಬೋಟುಗಳಿಗೆ ಆನ್‌ಲೈನ್ ಪಾಸ್, ಟ್ಯೂನಾದ ಮೇಲೆ ವಿಶೇಷ ಕಣ್ಣು. ಒಳ್ಳೆಯದೇ. ನಮ್ಮ ಹುಡುಗರು ದೂರದ ಕಡಲಿಗೆ ಹೋಗಲಿ, ನಾಲ್ಕು ಕಾಸು ನೋಡಲಿ. ಆದರೆ ಪೆಸಿಫಿಕ್ಕಿನವರೂ ಮೆಡಿಟರೇನಿಯನ್ನಿನವರೂ ಮೊದಲು ಬೋಟು ತಂದರು, ಆಮೇಲೆ ತಕ್ಕಡಿ ಹುಡುಕಿದರು. ಅಷ್ಟರಲ್ಲಿ ಬೋಟಿನ ಸಾಲ ತೀರಿಸಬೇಕಾದವರು ಬೀಗದ ಮಾತನ್ನು ಕೇಳುವ ಸ್ಥಿತಿಯಲ್ಲೇ ಇರಲಿಲ್ಲ.

ಬಾಗಿಲು ಮುಚ್ಚಿದಾಗ ಪೆಟ್ಟು ಬೀಳುವುದು ಯಾರಿಗೆ? ನನ್ನ ತಮ್ಮನಂಥ ಕಲಾಸಿಗಳಿಗೆ ತಿಂಗಳ ಸಂಬಳವಿಲ್ಲ, ಹಿಡಿದದ್ದರಲ್ಲಿ ಪಾಲು. ಮೀನಿಲ್ಲ ಅಂದರೆ ಪಾಲೂ ಇಲ್ಲ. ಜೂನ್ ಜುಲೈ ಬರುತ್ತದೆ ಅಂತ ಅವನಿಗೆ ಮೊದಲೇ ಗೊತ್ತು, ಮೇ ತಿಂಗಳಲ್ಲೇ ಮಕ್ಕಳ ಫೀಸಿಗೆ ದುಡ್ಡು ಎತ್ತಿಡುತ್ತಾನೆ. ಮುಂದೊಂದು ದಿನ ನವೆಂಬರಿನ ನಡುವೆ "ಮಿತಿ ತುಂಬಿತು, ವಾಪಸ್ ಬನ್ನಿ" ಅಂತ ಮೊಬೈಲಿಗೆ ಸಂದೇಶ ಬಂದರೆ ಅವನು ಅದನ್ನು ಒಪ್ಪಬೇಕಾದರೆ ಎರಡು ವಿಷಯ ಅವನಿಗೆ ಗೊತ್ತಿರಬೇಕು. ಆ ತೂಕ ಅವನ ಧಕ್ಕೆಯಲ್ಲಿ ಅವನ ಕಣ್ಣೆದುರೇ ಆದದ್ದು ಅನ್ನುವುದು ಒಂದು. ಪಕ್ಕದ ರಾಜ್ಯದ ಬೋಟಿಗೂ ಅದೇ ದಿನ ಅದೇ ಸಂದೇಶ ಹೋಗಿದೆ ಅನ್ನುವುದು ಇನ್ನೊಂದು. ಇವೆರಡನ್ನೂ ಹೊಸ ಬೋಟಿನ ಸಾಲಕ್ಕೆ ಸಹಿ ಬೀಳುವ ಮೊದಲೇ ಕೇಳಿ ಪಡೆಯಬೇಕು. ಮುಂದಿನ ಸಲ ಫೋನಿನಲ್ಲಿ ಅವನಿಗೆ ಇದನ್ನೇ ಹೇಳುವವನಿದ್ದೇನೆ.