ಗಡಿದಾರಿಯ ಕ್ಯಾರವಾನಿನಲ್ಲಿ ಅಂತರ್ಜಾಲ: ತಿಳಿದಿರಬೇಕಾದ ಸಂಗತಿಗಳು

ಮಲಗಲು, ಅಡುಗೆ ಮಾಡಲು, ಕುಳಿತು ಕೆಲಸ ಮಾಡಲು ಅನುಕೂಲವಿರುವ ವಾಹನಕ್ಕೆ ನಮ್ಮಲ್ಲಿ ಕ್ಯಾರವಾನ್ ಎಂಬ ಹೆಸರೇ ರೂಢಿಯಾಗಿದೆ. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ಬಳಿಕ ಕಾಸರಗೋಡು, ವಯನಾಡು ಭಾಗದ ಕನ್ನಡಿಗರಿಗೂ ಇದು ಅಪರಿಚಿತವಾಗಿ ಉಳಿದಿಲ್ಲ. ಬಾಡಿಗೆಗೆ ಪಡೆದವರೂ ಹಳೆಯ ಟೆಂಪೋ ಟ್ರಾವೆಲರನ್ನು ಮನೆಯಾಗಿ ಮಾರ್ಪಡಿಸಿಕೊಂಡವರೂ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ದಾರಿಯುದ್ದಕ್ಕೂ ಅಂತರ್ಜಾಲ ಸಿಗುವುದೇ? ಸಿಗುವುದಿಲ್ಲ. ಯಾವ ಕಂಪನಿಯ ಸಿಮ್ ಹಾಕಿದರೂ, ಎಷ್ಟು ಬೆಲೆಯ ಉಪಕರಣ ಕೊಂಡರೂ ದಾರಿಯುದ್ದಕ್ಕೂ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆ, ಎಲ್ಲಿ ಸಿಗದು, ಸಿಗುವ ಕಡೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಹೇಗೆ ಎಂಬುದನ್ನು ಮುಂಚಿತವಾಗಿ ತಿಳಿದು ಹೊರಟವರಿಗೆ ಮಾತ್ರ ಅದು ನಂಬಿಕೆಗೆ ಅರ್ಹವಾಗುತ್ತದೆ.

ಮೊದಲು ದೂರಸಂಪರ್ಕ ವೃತ್ತಗಳ ಮಾತು. ಭಾರತದಲ್ಲಿ ಮೊಬೈಲ್ ಸೇವೆಯ ಪರವಾನಗಿ ಮತ್ತು ತರಂಗಾಂತರಗಳನ್ನು 22 ವೃತ್ತಗಳಾಗಿ ವಿಂಗಡಿಸಿ ನೀಡಲಾಗಿದೆ. ಗಡಿನಾಡ ಕನ್ನಡಿಗರು ಇವುಗಳ ಪೈಕಿ ನಾಲ್ಕರಲ್ಲಿ ಹಂಚಿಹೋಗಿದ್ದಾರೆ. ಕಾಸರಗೋಡು, ವಯನಾಡು ಕೇರಳ ವೃತ್ತಕ್ಕೆ ಸೇರಿವೆ. ನೀಲಗಿರಿ, ತಾಳವಾಡಿ, ಹೊಸೂರು ತಮಿಳುನಾಡು ವೃತ್ತಕ್ಕೆ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮಹಾರಾಷ್ಟ್ರ ವೃತ್ತಕ್ಕೆ ಸೇರಿವೆ. ಗೋವಾ ಕೂಡ ಮಹಾರಾಷ್ಟ್ರ ವೃತ್ತದಲ್ಲೇ ಇದೆ. ಆದೋನಿ, ರಾಯದುರ್ಗ, ಮಡಕಶಿರಾ ಆಂಧ್ರಪ್ರದೇಶ ವೃತ್ತದಲ್ಲಿವೆ. 2014ರಲ್ಲಿ ರಾಜ್ಯ ಇಬ್ಭಾಗವಾದರೂ ದೂರಸಂಪರ್ಕದ ಲೆಕ್ಕದಲ್ಲಿ ತೆಲಂಗಾಣವಿನ್ನೂ ಅದೇ ವೃತ್ತದ ಭಾಗ. ಬೆಂಗಳೂರಿನಿಂದ ಕೇವಲ 40 ಕಿಲೋಮೀಟರ್ ದೂರದ ಹೊಸೂರು ಬೇರೆ ವೃತ್ತ, ಬೆಂಗಳೂರಿನಿಂದ 600 ಕಿಲೋಮೀಟರ್ ಆಚೆಯ ಬೀದರ್ ಅದೇ ವೃತ್ತ. ರಾಜ್ಯಗಳ ಎಲ್ಲೆಯನ್ನು ಎಳೆದವರು ನಮ್ಮನ್ನು ಕೇಳಲಿಲ್ಲ, ಟವರಿನ ಎಲ್ಲೆಯನ್ನು ಎಳೆದವರೂ ಕೇಳಲಿಲ್ಲ.

ಈ ವಿಂಗಡಣೆಯಿಂದ ಪ್ರಯಾಣಿಕನಿಗಾಗುವ ತೊಂದರೆ ಹಣದ್ದಲ್ಲ. ಈಗಿನ ಸಾಮಾನ್ಯ ಯೋಜನೆಗಳಲ್ಲಿ ದೇಶದೊಳಗಿನ ರೋಮಿಂಗಿಗೆ ಪ್ರತ್ಯೇಕ ಶುಲ್ಕವಿಲ್ಲ. ತೊಂದರೆ ಇರುವುದು ಫೋನಿನ ಸ್ವಭಾವದಲ್ಲಿ. ಒಂದೇ ಕಂಪನಿಯಾದರೂ ಪ್ರತಿ ವೃತ್ತದ ಜಾಲಕ್ಕೆ ಪ್ರತ್ಯೇಕ ಸಂಕೇತಸಂಖ್ಯೆ ಇರುವುದುಂಟು. ಉದಾಹರಣೆಗೆ ಏರ್‌ಟೆಲ್‌ನ ಕರ್ನಾಟಕ ಜಾಲದ ಸಂಖ್ಯೆ 404 45, ಕೇರಳದ್ದು 404 95. ಫೋನು ತನ್ನ ಮನೆಯ ಜಾಲವನ್ನೇ ಮೊದಲು ಹುಡುಕುವುದರಿಂದ, ಗಡಿಯ ಬಳಿ ಎದುರಿಗೇ ಪ್ರಬಲವಾದ ಟವರ್ ನಿಂತಿದ್ದರೂ ಗುಡ್ಡದಾಚೆಯ ಕ್ಷೀಣ ಸಂಕೇತವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ತಾಳವಾಡಿಯಲ್ಲಿ ಒಮ್ಮೆ ಒಂದು ಸಣ್ಣ ದೃಶ್ಯತುಣುಕನ್ನು ಕಳುಹಿಸಲು ನಾವು ಒಂದು ಗಂಟೆ ಹೆಣಗಿದ್ದೇವೆ. ದೋಷ ನಮ್ಮದೇ ಆಗಿತ್ತು. ಸೆಟ್ಟಿಂಗ್ಸಿನಲ್ಲಿ ಸ್ವಯಂಚಾಲಿತ ಜಾಲ ಆಯ್ಕೆಯನ್ನು ತೆಗೆದು, ಪಟ್ಟಿಯಲ್ಲಿ ಕಂಡ ತಮಿಳುನಾಡು ಜಾಲವನ್ನು ಕೈಯಿಂದ ಆರಿಸಿದ ಮೇಲೆ ಕೆಲಸವು ಎರಡೇ ನಿಮಿಷದಲ್ಲಿ ಮುಗಿಯಿತು. ಗಡಿ ದಾಟಿ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಹೋದ ಬಳಿಕ ಅದನ್ನು ಮರಳಿ ಸ್ವಯಂಚಾಲಿತಕ್ಕೆ ತಿರುಗಿಸಬೇಕು. ಮರೆತರೆ ಮುಂದಿನ ರಾಜ್ಯದಲ್ಲಿ ಫೋನು ಮೂಕವಾಗುತ್ತದೆ.

ಎರಡು ಸಿಮ್ ಇರಲಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಆದರೆ ಆ ಎರಡು ಬೇರೆ ಬೇರೆ ಸ್ವಭಾವದವಾಗಿರಬೇಕು. 700, 850, 900 ಮೆಗಾಹರ್ಟ್ಸ್‌ನಂಥ ಕೆಳ ತರಂಗಾಂತರಗಳು ದೂರ ಸಾಗುತ್ತವೆ, ಮರಗಿಡ ಗೋಡೆಗಳನ್ನು ತಕ್ಕಮಟ್ಟಿಗೆ ಭೇದಿಸುತ್ತವೆ. 2300, 2500, 3300 ಮೆಗಾಹರ್ಟ್ಸ್‌ನವು ವೇಗ ಕೊಡುತ್ತವೆ, ಆದರೆ ಒಂದು ಅಡಕೆ ತೋಟದ ಅಂಚು ಎದುರಾದರೂ ಸೊರಗುತ್ತವೆ. ಮಲೆನಾಡಿನ ತಿರುವುಗಳಲ್ಲಿ ನಮ್ಮನ್ನು ಕಾಯುವುದು ಜಿಯೋದ 850, ಏರ್‌ಟೆಲ್ ಮತ್ತು ವಿಐಗಳ 900, ಬಿಎಸ್ಎನ್ಎಲ್‌ನ 700 ಮೆಗಾಹರ್ಟ್ಸ್. ವೃತ್ತದಿಂದ ವೃತ್ತಕ್ಕೆ ಇವುಗಳ ಪ್ರಮಾಣದಲ್ಲಿ ವ್ಯತ್ಯಾಸವಿದೆ. ದೇಶೀಯ ತಂತ್ರಜ್ಞಾನದ ಬಿಎಸ್ಎನ್ಎಲ್ 4ಜಿ ಜಾಲವು 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಆದ್ದರಿಂದ ಒಂದು ಖಾಸಗಿ ಕಂಪನಿಯ ಸಿಮ್, ಜೊತೆಗೆ ಬಿಎಸ್ಎನ್ಎಲ್ ಎಂಬುದು ನಮ್ಮ ಆಯ್ಕೆ. ಹೊರಡುವ ಮುನ್ನ ಕಂಪನಿಗಳು ಟ್ರಾಯ್ ಆದೇಶದಂತೆ ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಿರುವ ವ್ಯಾಪ್ತಿ ನಕ್ಷೆಗಳನ್ನು ನೋಡಬಹುದು. ಆದರೆ ನಕ್ಷೆಯ ಬಣ್ಣ ಬಯಲಿನ ಲೆಕ್ಕ, ತಗಡಿನ ಪೆಟ್ಟಿಗೆಯೊಳಗಿನದ್ದಲ್ಲ.

ತಗಡಿನ ಪೆಟ್ಟಿಗೆ ಎಂದದ್ದು ಉಪೇಕ್ಷೆಯಿಂದಲ್ಲ. ಉಕ್ಕು, ಅಲ್ಯೂಮಿನಿಯಂ ಹೊದಿಕೆಯ ವಾಹನವು ರೇಡಿಯೋ ಅಲೆಗಳನ್ನು ಹೊರಗೇ ತಡೆಯುತ್ತದೆ. ಒಳಗೆ ಕುಳಿತು ಸಿಗ್ನಲ್ ಇಲ್ಲವೆಂದು ಗೊಣಗುವವರು ಇಳಿದು ನಾಲ್ಕು ಹೆಜ್ಜೆ ನಡೆದರೆ ಸಿಗುವುದುಂಟು. ಇದಕ್ಕೆ ಪರಿಹಾರ ಚಾವಣಿಯ ಮೇಲಿನ ಆಂಟೆನಾ ಮತ್ತು ಅದಕ್ಕೆ ತಂತಿಯಿಂದ ಜೋಡಿಸಿದ 4ಜಿ ಅಥವಾ 5ಜಿ ರೂಟರ್. ಇಲ್ಲಿ ಹಲವರು ಎಡವುವುದು ತಂತಿಯಲ್ಲಿ. ತೆಳುವಾದ ಕೇಬಲಿನಲ್ಲಿ ಮೂರು ನಾಲ್ಕು ಮೀಟರ್ ಸಾಗುವಷ್ಟರಲ್ಲಿ ಸಂಕೇತದ ಅರ್ಧ ಶಕ್ತಿ ಕರಗಿಹೋಗುತ್ತದೆ. ಆಂಟೆನಾದ ನೇರ ಕೆಳಗೇ ರೂಟರ್ ಇಟ್ಟು, ಅಲ್ಲಿಂದ ವೈಫೈಯನ್ನು ವಾಹನದೊಳಗೆ ಹರಡುವುದು ಸರಿಯಾದ ಕ್ರಮ. ಸಿಗ್ನಲ್ ಅಳೆಯಲು ಫೋನಿನ ಕಡ್ಡಿಗಳನ್ನು ನಂಬಬಾರದು. ರೂಟರಿನ ಪುಟದಲ್ಲಿ ಕಾಣುವ ಆರ್‌ಎಸ್‌ಆರ್‌ಪಿ ಅಂಕೆ ಮೈನಸ್ 80ರ ಆಸುಪಾಸಿನಲ್ಲಿದ್ದರೆ ಉತ್ತಮ, ಮೈನಸ್ 100 ನಡೆದೀತು, ಮೈನಸ್ 115ರಿಂದ ಆಚೆಗೆ ಹೋದರೆ ಅಲ್ಲಿ ಬೀಡುಬಿಡುವ ಯೋಚನೆ ಬೇಡ. 5ಜಿ ಗುರುತು ಬಂದುಹೋಗುತ್ತಿರುವ ಕಡೆ 4ಜಿಗೆ ಇಳಿಸಿಕೊಳ್ಳುವುದೇ ಜಾಣತನ.

ಕಾಸರಗೋಡಿನ ಓದುಗರಿಗೆ ಒಂದು ವಿಶೇಷ ಸೂಚನೆ. ಗಲ್ಫಿನಿಂದ ಬರುವ ಬಂಧುಗಳು ತಂದುಕೊಡುವ ರೂಟರುಗಳು ಆ ದೇಶದ ಕಂಪನಿಗೆ ಬೀಗಹಾಕಿದವಾಗಿರಬಹುದು, ಇಲ್ಲಿನ ಎಲ್ಲ ತರಂಗಾಂತರಗಳೂ ಅವುಗಳಲ್ಲಿ ಇರಲಿಕ್ಕಿಲ್ಲ. ಇನ್ನು ಸಿಗ್ನಲ್ ಬೂಸ್ಟರ್ ಎಂಬ ಹೆಸರಿನಲ್ಲಿ ಆನ್‌ಲೈನಿನಲ್ಲಿ ಮಾರುವ ರಿಪೀಟರುಗಳನ್ನು ಕೊಳ್ಳಲೇಬಾರದು. ಅನುಮತಿಯಿಲ್ಲದೆ ಅವುಗಳನ್ನು ಬಳಸುವುದು ಭಾರತದಲ್ಲಿ ಅಪರಾಧ, ಸುತ್ತಲಿನವರ ಸಂಪರ್ಕವನ್ನೂ ಅವು ಕೆಡಿಸುತ್ತವೆ. ಚಾವಣಿಯ ಆಂಟೆನಾಕ್ಕೆ ಈ ನಿಷೇಧವಿಲ್ಲ.

ಕಾಡಿನ ದಾರಿಗಳಲ್ಲಿ ಈ ಸಿದ್ಧತೆಗಳ ಮಿತಿ ಬಯಲಾಗುತ್ತದೆ. ಗುಂಡ್ಲುಪೇಟೆಯಿಂದ ಮುತ್ತಂಗ ಮಾರ್ಗವಾಗಿ ಸುಲ್ತಾನ್ ಬತ್ತೇರಿಗೆ ಸಾಗುವ 766ನೇ ಹೆದ್ದಾರಿ, ಬಂಡೀಪುರ, ಮುದುಮಲೆಗಳ ಮೂಲಕ ಗೂಡಲೂರಿಗೆ ಸಾಗುವ 181ನೇ ಹೆದ್ದಾರಿ, ಹಾಸನೂರು ದಿಂಬಂಗಳ ಮೂಲಕ 27 ತಿರುವುಗಳನ್ನಿಳಿದು ಬಣ್ಣಾರಿ ತಲುಪುವ 948ನೇ ಹೆದ್ದಾರಿ, ಇವೆಲ್ಲ ಹುಲಿ ಸಂರಕ್ಷಿತ ಪ್ರದೇಶಗಳನ್ನು ಸೀಳಿ ಹೋಗುತ್ತವೆ. ಟವರುಗಳು ವಿರಳ, ವಾಹನ ನಿಲ್ಲಿಸುವುದು ನಿಷಿದ್ಧ. ಸಿಗ್ನಲ್ ಬರುವ ತನಕ ಪಕ್ಕಕ್ಕೆ ನಿಲ್ಲಿಸೋಣ ಎಂಬ ಮಾತು ಇಲ್ಲಿ ನಡೆಯದು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿದೆ. ಬಣ್ಣಾರಿ ಮತ್ತು ಕಾರಪಳ್ಳಂ ನಡುವೆ 2022ರ ಫೆಬ್ರವರಿಯಿಂದ ರಾತ್ರಿ ನಿರ್ಬಂಧ ಜಾರಿಯಲ್ಲಿದೆ. ಸಂಜೆಯ ವಿಡಿಯೋ ಸಭೆಯನ್ನು ಒಪ್ಪಿಕೊಂಡು, ಅದನ್ನು ಮುಗಿಸಿ ಹೊರಟು ಚೆಕ್‌ಪೋಸ್ಟಿನಲ್ಲಿ ಬೆಳಗಿನವರೆಗೆ ಕಾದವರನ್ನು ನಾವು ಬಲ್ಲೆವು.

ನೀಲಗಿರಿಗೆ ಹೋಗುವವರಿಗೆ ಇನ್ನೊಂದು ತೊಡಕಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಅದನ್ನು ಪಡೆಯಬೇಕಾದದ್ದು ಅಂತರ್ಜಾಲದಲ್ಲಿ, ತೋರಿಸಬೇಕಾದದ್ದು ಕಾಡಿನಂಚಿನ ಚೆಕ್‌ಪೋಸ್ಟಿನಲ್ಲಿ. ಗುಂಡ್ಲುಪೇಟೆಯಲ್ಲಿರುವಾಗಲೇ ನೋಂದಣಿ ಮುಗಿಸಿ, ಪಾಸಿನ ಚಿತ್ರವನ್ನು ಫೋನಿನಲ್ಲಿ ಉಳಿಸಿ, ಸಾಧ್ಯವಾದರೆ ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಫಾಸ್ಟ್ಯಾಗಿಗೆ ಹಣ ತುಂಬುವುದು, ದಾರಿಯ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳುವುದು, ಕೈಯಲ್ಲಿ ಒಂದಷ್ಟು ನಗದು ಇಟ್ಟುಕೊಳ್ಳುವುದು ಅಲ್ಲಿಯೇ ಆಗಲಿ.

ವಿದ್ಯುತ್ತಿನ ಚಿಂತೆ ಅಷ್ಟಾಗಿ ಬೇಡ. 10 ವಾಟಿನ ರೂಟರ್ ದಿನವಿಡೀ ಓಡಿದರೆ 240 ವಾಟ್-ಗಂಟೆ ತಿನ್ನುತ್ತದೆ. 100 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿ ಅದನ್ನು ಸಲೀಸಾಗಿ ಹೊರುತ್ತದೆ. ದತ್ತಾಂಶದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸ್ಪಷ್ಟ ಚಿತ್ರದ ವಿಡಿಯೋ ಸಭೆಗೆ ಗಂಟೆಗೆ ಸುಮಾರು 1 ಜಿಬಿ ಬೇಕಾಗುವುದರಿಂದ ದಿನಕ್ಕೆ 1.5 ಜಿಬಿಯ ಯೋಜನೆ ಮಧ್ಯಾಹ್ನದೊಳಗೆ ಮುಗಿದು ವೇಗ 64 ಕೆಬಿಪಿಎಸ್‌ಗೆ ಕುಸಿಯುತ್ತದೆ. ಉಪಗ್ರಹದ ಮೂಲಕ ಅಂತರ್ಜಾಲ ಒದಗಿಸಲು ಸ್ಟಾರ್‌ಲಿಂಕ್‌ಗೆ 2025ರಲ್ಲಿ ಭಾರತದ ಪರವಾನಗಿ ದೊರೆತಿದೆ. ಆದರೆ ವಿದೇಶದಲ್ಲಿ ಕೊಂಡ ತಟ್ಟೆಯನ್ನಾಗಲಿ ಉಪಗ್ರಹ ಫೋನನ್ನಾಗಲಿ ಅನುಮತಿಯಿಲ್ಲದೆ ಇಲ್ಲಿ ತಂದು ಬಳಸುವುದು ಕಾನೂನಿಗೆ ವಿರುದ್ಧ. ಎಲ್ಲಕ್ಕಿಂತ ಅಗ್ಗದ ಹಾಗೂ ಗಟ್ಟಿಯಾದ ಸಂಪರ್ಕ ಸಿಗುವುದು, ನಿಜ ಹೇಳಬೇಕೆಂದರೆ, ಫೈಬರ್ ಹಾಕಿಸಿಕೊಂಡಿರುವ ನೆಂಟರ ಅಂಗಳದಲ್ಲಿ. ಗಡಿನಾಡಿನ ಯಾವ ಊರಿನಲ್ಲಿ ನಮಗೆ ನೆಂಟರಿಲ್ಲ?

ಕೊನೆಯದಾಗಿ ತುರ್ತುಕರೆ. 112ಕ್ಕೆ ಕರೆ ಮಾಡಲು ನಮ್ಮ ಕಂಪನಿಯ ಸಿಗ್ನಲ್ಲೇ ಬೇಕೆಂದಿಲ್ಲ, ಬೇರೆ ಯಾವ ಕಂಪನಿಯ ಟವರ್ ಸಿಕ್ಕಿದರೂ ಫೋನು ಅದನ್ನು ಬಳಸಿಕೊಳ್ಳುತ್ತದೆ. ಆದರೆ ಕರೆ ಯಾವ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗುತ್ತದೆ ಎಂಬುದನ್ನು ನಾವು ನಿಂತ ನೆಲವಲ್ಲ, ಫೋನು ಹಿಡಿದ ಟವರ್ ನಿರ್ಧರಿಸುತ್ತದೆ. ಕರ್ನಾಟಕದ ನೆಲದಲ್ಲಿ ನಿಂತು ಮಾಡಿದ ಕರೆಗೆ ಮಲಯಾಳದಲ್ಲಿ ಉತ್ತರ ಬರಬಹುದು, ತಾಳವಾಡಿಯಿಂದ ಮಾಡಿದ ಕರೆ ಕರ್ನಾಟಕಕ್ಕೆ ಹೋಗಬಹುದು. ಆದ್ದರಿಂದ ಕರೆ ಎತ್ತಿದೊಡನೆ ಮೊದಲು ಹೇಳಬೇಕಾದದ್ದು ರಾಜ್ಯ, ತಾಲ್ಲೂಕು, ಹೆದ್ದಾರಿಯ ಸಂಖ್ಯೆ, ಕೊನೆಗೆ ಕಂಡ ಕಿಲೋಮೀಟರ್ ಕಲ್ಲಿನ ಅಂಕೆ. ಈ ನಾಲ್ಕನ್ನು ಕನ್ನಡದ ಜೊತೆಗೆ ತಮಿಳು, ಮಲಯಾಳಗಳಲ್ಲಿಯೂ ಹೇಳುವುದು ಹೇಗೆಂದು ಕನ್ನಡ ಲಿಪಿಯಲ್ಲಿ ಬರೆದು, ಚಾಲಕನ ಆಸನದ ಎದುರಿಗೆ ಅಂಟಿಸಿಡಿ. ವಾಹನದಲ್ಲಿರುವ ಮಕ್ಕಳಿಗೂ ಅದನ್ನು ಓದಲು ಬರಬೇಕು.