ಲೋಡ್ ಲಾರಿಯ ಚೀಲದ ಮೇಲೆ ಕೂತರೆ ‘ನಿಧಾನ ಸ್ಪೀಡ್’ ಕಾಪಾಡುತ್ತದೆಯೇ?

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ಹೆದ್ದಾರಿಯ ಮೇಲಿವೆ. ನಾಟಿ ಮಾಡುವ, ಹತ್ತಿ ಬಿಡಿಸುವ ದಿನಗಳಲ್ಲಿ ಈ ಕಡೆ ಟ್ರ್ಯಾಕ್ಟರ್ ಟ್ರಾಲಿ, ಗೂಡ್ಸ್ ಆಟೊಗಳ ತುಂಬ ಕೂಲಿಯವರು. ಸುಗ್ಗಿ ಬಂತೆಂದರೆ ಭತ್ತದ ಚೀಲಗಳ ಮೇಲೂ ಜನ. ಕೇಳಿದರೆ ಸಿಗುವ ಉತ್ತರ: “ನಿಧಾನ ಹೊಂಟೀವ್ರಿ, ಹಗ್ಗ ಹಿಡ್ಕೊಂಡೀವಿ, ಏನಾಗಂಗಿಲ್ಲ.”

ಇದು ನಿಜವೇ? ಇಲ್ಲ.

ನ್ಯೂಟನ್ 1687ರಲ್ಲಿ ಹೇಳಿದ ಮೊದಲ ನಿಯಮ ಇಷ್ಟೇ: ಚಲಿಸುತ್ತಿರುವ ವಸ್ತುವನ್ನು ಹೊರಗಿನ ಬಲ ತಡೆಯದಿದ್ದರೆ ಅದು ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಸಾಗುತ್ತಲೇ ಇರುತ್ತದೆ. ಲಾರಿ ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ಮೇಲೆ ಕೂತವರ ವೇಗವೂ 40. ಬ್ರೇಕ್ ಹಿಡಿಯುವುದು ಚಕ್ರವನ್ನು, ನಿಮ್ಮನ್ನಲ್ಲ.

ಹಗ್ಗ ಹಿಡಿದಿದ್ದೇವಲ್ಲ ಅಂತೀರಾ? ಲೆಕ್ಕ ಹಾಕೋಣ. ಲಾರಿ ಯಾವುದಕ್ಕೋ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. 60 ಕೆ.ಜಿ. ತೂಕದ ವ್ಯಕ್ತಿ ಅದರ ಜೊತೆಗೇ ನಿಲ್ಲಬೇಕಾದರೆ ಸುಮಾರು 680 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ನಮ್ಮ ಕಡೆಯ 75 ಕೆ.ಜಿ. ಭತ್ತದ ಚೀಲ ಒಂಬತ್ತು! ಯಾವ ಕೈಗೂ ಅದು ಆಗದ ಮಾತು.

ಇನ್ನು ‘ನಿಧಾನ’ದ ವಿಷಯ. 40 ಕಿ.ಮೀ. ಎಂದರೆ ಸುಮಾರು 20 ಅಡಿ ಎತ್ತರದಿಂದ, ಅಂದರೆ ಎರಡಂತಸ್ತಿನ ಮಾಳಿಗೆಯಿಂದ ಬಿದ್ದವನು ನೆಲ ಮುಟ್ಟುವಾಗ ಇರುವ ವೇಗ. 60 ಕಿ.ಮೀ.ಗೆ ಆ ಎತ್ತರ 46 ಅಡಿ. ವೇಗ ಒಂದೂವರೆ ಪಟ್ಟಾದರೆ ಎತ್ತರ ಎರಡು ಪಟ್ಟಿಗೂ ಹೆಚ್ಚು. ದಪ್ಪಗಿರುವವರು ಬೇಗ ಬೀಳುತ್ತಾರೆ, ಸಣ್ಣಗಿರುವವರು ಪಾರಾಗುತ್ತಾರೆ ಎಂಬುದೂ ಸುಳ್ಳು. ಗುರುತ್ವ ಎಲ್ಲರನ್ನೂ ಒಂದೇ ದರದಲ್ಲಿ ಎಳೆಯುತ್ತದೆ.

“ಲೋಡ್ ಇದ್ದರೆ ಗಾಡಿ ಗಟ್ಟಿ ಕೂರುತ್ತದೆ” ಎಂಬ ಮಾತೂ ಅರ್ಧ ಸತ್ಯ. ಭಾರ ತಳದಲ್ಲಿದ್ದರೆ ಸರಿ. ಚೀಲದ ಮೇಲೆ ಚೀಲ, ಅದರ ಮೇಲೆ ಜನ ಎಂದಾದರೆ ಗುರುತ್ವ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಗಾಡಿ ಪಲ್ಟಿಯಾಗುವುದು ಸುಲಭ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರದ ಬಳಿ ಕಂದಕಕ್ಕೆ ಉರುಳಿತು. ಅದರಲ್ಲಿದ್ದ ಹತ್ತು ವ್ಯಾಪಾರಿಗಳು ಸತ್ತರು.

ಹೊತ್ತಿಗೆ ಸರಿಯಾಗಿ ಬಸ್ ಸಿಗದೆ ಜನ ಲಾರಿ ಹತ್ತುತ್ತಾರೆ ಎಂಬುದು ನಮಗೂ ಗೊತ್ತು. ಟ್ರಾಲಿಯೇ ಗತಿ ಎಂದಾದರೆ ಅಂಚಿನ ಮೇಲೆ ಕೂರುವುದಕ್ಕಿಂತ ತಳದಲ್ಲಿ ಕೂರುವುದು ವಾಸಿ. ವಾಸಿ ಅಷ್ಟೇ, ಸುರಕ್ಷಿತವಲ್ಲ.