ಡೀಸೆಲ್ ಪಿಕಪ್ ವಾಹನಗಳು: ಮಾಲೀಕರು ಮತ್ತು ಚಾಲಕರಿಗೆ ಮಾಹಿತಿ

ರೈತರು, ಸಣ್ಣ ವ್ಯಾಪಾರಿಗಳು ಹಾಗೂ ಸ್ವಯಂ ಉದ್ಯೋಗಿಗಳು ಸರಕು ಸಾಗಣೆಗೆ ಬಳಸುವ ಡೀಸೆಲ್ ಪಿಕಪ್ ವಾಹನಗಳು ಮೋಟಾರು ವಾಹನಗಳ ಅಧಿನಿಯಮ, 1988ರ ಮೇರೆಗೆ ಲಘು ಸರಕು ವಾಹನಗಳ ವರ್ಗಕ್ಕೆ ಸೇರುತ್ತವೆ. ಒಟ್ಟು ತೂಕ 7,500 ಕೆ.ಜಿ. ಮೀರದ ವಾಹನವು ಲಘು ಮೋಟಾರು ವಾಹನವೆನಿಸುತ್ತದೆ. ಸರಕು ವಾಹನವು ಸಾರಿಗೆ ವಾಹನವಾದ ಕಾರಣ ಅದಕ್ಕೆ ಹಳದಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರಗಳ ನೋಂದಣಿ ಫಲಕವಿರತಕ್ಕದ್ದು.

ಖರೀದಿಗೆ ಮುನ್ನ

ಮಾರಾಟಗಾರರು ಹೇಳುವ "ಒಂದೂವರೆ ಟನ್ ಗಾಡಿ" ಎಂಬ ಮಾತಿಗಿಂತ ವಾಹನದ ಒಟ್ಟು ತೂಕ ಎಷ್ಟೆಂಬುದೇ ಮುಖ್ಯ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಅಧಿನಿಯಮದ ಕಲಂ 66ರನ್ವಯ ರಹದಾರಿಯ ಅಗತ್ಯವಿರುವುದಿಲ್ಲ. ಅದನ್ನು ಮೀರಿದ ವಾಹನಕ್ಕೆ ರಹದಾರಿ ಪಡೆಯುವುದು ಕಡ್ಡಾಯ. ಸ್ವಂತ ತೋಟದ ಬೆಳೆಯನ್ನು ಮಾತ್ರ ಸಾಗಿಸುವೆನೆಂಬ ಕಾರಣಕ್ಕೆ ವಿನಾಯಿತಿ ದೊರೆಯದು. ಎರಡು ಮಾದರಿಗಳ ನಡುವೆ ಕೆಲವೇ ಕಿಲೋಗ್ರಾಂ ವ್ಯತ್ಯಾಸವಿದ್ದರೂ ಮುಂದಿನ ಖರ್ಚು ವೆಚ್ಚಗಳು ಬೇರೆಯಾಗುವುದರಿಂದ ಮುಂಗಡ ನೀಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ನೋಂದಣಿಗೆ ನಮೂನೆ-20ರ ಅರ್ಜಿಯೊಂದಿಗೆ ಮಾರಾಟ ಪ್ರಮಾಣಪತ್ರ (ನಮೂನೆ-21), ತಯಾರಕರ ಪ್ರಮಾಣಪತ್ರ (ನಮೂನೆ-22), ವಿಮಾ ಪತ್ರ ಹಾಗೂ ವಿಳಾಸದ ದಾಖಲೆ ಸಲ್ಲಿಸತಕ್ಕದ್ದು. ಹೊಸ ಸಾರಿಗೆ ವಾಹನದ ಅರ್ಹತಾ ಪತ್ರವು ಎರಡು ವರ್ಷಗಳಿಗೆ ಊರ್ಜಿತ. ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ನವೀಕರಿಸಬೇಕು.

ಚಾಲನಾ ಅನುಜ್ಞಾಪತ್ರ

ಲಘು ಮೋಟಾರು ವಾಹನದ ಅನುಜ್ಞಾಪತ್ರ ಹೊಂದಿದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಹಿಂಬರಹವಿಲ್ಲದೆ ಚಲಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಆದರೆ ಸಾರಿಗೆ ವಾಹನ ಚಲಾಯಿಸಲು 20 ವರ್ಷ ತುಂಬಿರಬೇಕೆಂಬ ನಿಯಮವಿದೆ. ಹದಿನೆಂಟು ತುಂಬಿದ ಮಗನ ಕೈಗೆ ಮನೆಯ ಕಾರು ಕೊಡಬಹುದು, ಪಿಕಪ್ ಕೊಡುವಂತಿಲ್ಲ.

ಹೊರೆಯ ಲೆಕ್ಕ

ಈ ಲೆಕ್ಕ ತಪ್ಪುವುದರಿಂದ ದಂಡಗಳೂ ಅಪಘಾತಗಳೂ ಉಂಟಾಗಬಹುದು. ಉದಾಹರಣೆಗೆ, ನೋಂದಣಿ ಪ್ರಮಾಣಪತ್ರದಲ್ಲಿ ಖಾಲಿ ತೂಕ 1,700 ಕೆ.ಜಿ., ಒಟ್ಟು ತೂಕ 2,950 ಕೆ.ಜಿ. ಎಂದಿದ್ದರೆ ವ್ಯತ್ಯಾಸ 1,250 ಕೆ.ಜಿ. ಖಾಲಿ ತೂಕದಲ್ಲಿ ಚಾಲಕನ ತೂಕ ಸೇರಿರುವುದಿಲ್ಲ. ಚಾಲಕ ಮತ್ತು ಸರಕಿನ ಮಾಲೀಕ ಇಬ್ಬರಿಗೆ 130 ಕೆ.ಜಿ. ಕಳೆದರೆ ಉಳಿಯುವುದು 1,120 ಕೆ.ಜಿ. ಕೋಲಾರದ ಮಾರುಕಟ್ಟೆಗೆ ಒಯ್ಯುವ 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಖಾಲಿ ಬಾಕ್ಸಿನ ತೂಕವೂ ಸೇರಿ 17 ಕೆ.ಜಿ. ತೂಗಿದರೆ, ಹೇರಬಹುದಾದದ್ದು 65 ಬಾಕ್ಸ್ ಮಾತ್ರ. ತೊಟ್ಟಿಯಲ್ಲಿ ಇನ್ನೂ ಜಾಗವಿದೆ ಎಂಬುದು ಹೇರಲು ಆಧಾರವಲ್ಲ.

ಅಧಿಕ ಭಾರಕ್ಕೆ 2019ರ ತಿದ್ದುಪಡಿಯನ್ವಯ ಕಲಂ 194ರಲ್ಲಿ ರೂ. 20,000 ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡವನ್ನು ವಿಧಿಸಲಾಗಿದೆ. ಹೆಚ್ಚುವರಿ ಸರಕನ್ನು ಇಳಿಸದೆ ವಾಹನ ಮುಂದೆ ಸಾಗುವಂತಿಲ್ಲ. ಇಳಿಸುವ ವೆಚ್ಚವೂ ಹೇರಿದವರದೇ.

ಜನರನ್ನು ಸಾಗಿಸುವ ಬಗ್ಗೆ

ಮದುವೆ, ಜಾತ್ರೆ, ಕೂಲಿ ಕೆಲಸಗಳಿಗೆ ಪಿಕಪ್‌ನ ತೊಟ್ಟಿಯಲ್ಲಿ ಜನರನ್ನು ಕರೆದೊಯ್ಯುವುದು ಗ್ರಾಮಾಂತರದಲ್ಲಿ ಕಂಡುಬರುತ್ತದೆ. ಸರಕು ವಾಹನದ ಕಡ್ಡಾಯ ವಿಮೆಯು 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕ ಅಥವಾ ಅವರ ಅಧಿಕೃತ ಪ್ರತಿನಿಧಿಯನ್ನು ಒಳಗೊಳ್ಳುತ್ತದೆ. ಸುಮ್ಮನೆ ಹತ್ತಿಕೊಂಡವರನ್ನು ಒಳಗೊಳ್ಳುವುದಿಲ್ಲ. ಅಪಘಾತವಾದಲ್ಲಿ ಪರಿಹಾರದ ಹೊಣೆ ವಾಹನ ಮಾಲೀಕರ ಆಸ್ತಿಯ ಮೇಲೆ ಬೀಳಬಹುದು. ಉಪಕಾರವೆಂದು ಬಾಡಿಗೆ ಪಡೆಯದೆ ಕರೆದೊಯ್ದರೂ ಇದರಲ್ಲಿ ವ್ಯತ್ಯಾಸವಿಲ್ಲ.

ಚಾಲನೆ ಮತ್ತು ನಿರ್ವಹಣೆ

ಖಾಲಿ ಪಿಕಪ್‌ನ ಹಿಂಭಾಗ ಹಗುರವಾಗಿದ್ದು, ಮಳೆಯಲ್ಲಿ ಹಠಾತ್ತನೆ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ಜಾರುತ್ತವೆ. ಹೊರೆ ತುಂಬಿದಾಗ ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಭಾರವಾದ ಸರಕನ್ನು ತಳದಲ್ಲಿ, ಚಾಲಕನ ಕೋಣೆಯ ಕಡೆಗೆ ಇರಿಸಿ ಹಗ್ಗದಿಂದ ಬಿಗಿಯತಕ್ಕದ್ದು. ಚಾರ್ಮಾಡಿ, ಆಗುಂಬೆಯಂತಹ ಘಾಟಿಗಳಲ್ಲಿ ಇಳಿಯುವಾಗ ಹತ್ತಲು ಬೇಕಾಗುವಷ್ಟೇ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವುದರಿಂದ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ಉಳಿತಾಯವೂ ಆಗದು, ಏಕೆಂದರೆ ಗೇರಿನಲ್ಲಿ ಇಳಿಯುವಾಗ ಈಗಿನ ಎಂಜಿನ್‌ಗಳು ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ. ಕಿರಿದಾದ ಘಾಟಿ ರಸ್ತೆಯಲ್ಲಿ ಮೇಲೇರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು.

ಟರ್ಬೋ ಇರುವ ಎಂಜಿನ್ನನ್ನು ಹೊರೆಯೊಂದಿಗೆ ಏರು ಹತ್ತಿದ ಕೂಡಲೇ ಆರಿಸದೆ ಒಂದೆರಡು ನಿಮಿಷ ನಿಧಾನ ವೇಗದಲ್ಲಿ ಬಿಡಬೇಕು. ಡೀಸೆಲ್ ಫಿಲ್ಟರಿನಲ್ಲಿ ಸಂಗ್ರಹವಾದ ನೀರನ್ನು ಆಗಾಗ ಹೊರಹಾಕತಕ್ಕದ್ದು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್.-6 ಮಾನದಂಡದ ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ. ಊರೊಳಗೆ ಸಣ್ಣ ಸುತ್ತಾಟಕ್ಕಷ್ಟೇ ಬಳಸಿದರೆ ಇದು ಕಟ್ಟಿಕೊಳ್ಳುತ್ತದೆ. ಎಚ್ಚರಿಕೆಯ ದೀಪ ಬೆಳಗಿದಾಗ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಸಮ ವೇಗದಲ್ಲಿ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಶೋಧಕವನ್ನು ಕೀಳಿಸುವುದು ಕಾನೂನುಬಾಹಿರ. ಬಿ.ಎಸ್.-4 ಹಾಗೂ ಬಿ.ಎಸ್.-6 ವಾಹನಗಳ ಹೊಗೆ ತಪಾಸಣೆ ಪ್ರಮಾಣಪತ್ರ ಹನ್ನೆರಡು ತಿಂಗಳು ಊರ್ಜಿತ.

ಮಾರಾಟ ಮತ್ತು ವರ್ಗಾವಣೆ

ಸಾಲ ತೀರಿದ ನಂತರ ನಮೂನೆ-35 ಸಲ್ಲಿಸಿ ಸಾಲದಾತರ ಹೆಸರನ್ನು ನೋಂದಣಿ ಪ್ರಮಾಣಪತ್ರದಿಂದ ತೆಗೆಸಿಕೊಳ್ಳಬೇಕು. ರಾಜ್ಯದೊಳಗೆ ವಾಹನ ಮಾರಿದವರು 14 ದಿನಗಳೊಳಗೆ ನಮೂನೆ-29ರಲ್ಲಿ, ಕೊಂಡವರು 30 ದಿನಗಳೊಳಗೆ ನಮೂನೆ-30ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ಬರೀ ಕರಾರು ಪತ್ರ ಬರೆದುಕೊಂಡು ಗಾಡಿ ಕೊಟ್ಟರೆ ಸಾಲದು. ಅಪಘಾತದ ದಿನ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟಪಡಿಸಿದೆ.